ತೀರ್ಪು ಹೇಳದೇ ಕೂತ್ಕೊಳ್ಳೋ ಕೆಲಸ: ಕಿಚನರ್ ಕಡೆ ರೆಸ್ಟೋರೇಟಿವ್ ಜಸ್ಟಿಸ್ ವಾಲಂಟಿಯರ್ ಆಗೋರಿಗೆ

ಕೆನಡಾದ ಕಿಚನರ್-ವಾಟರ್ಲೂ ಸುತ್ತಮುತ್ತ ಇರೋ ನಮ್ಮ ಕನ್ನಡದವರು ಆಗಾಗ ಕೇಳ್ತಾರೆ, ನೀವು ಸಂಜೆ ಹೊತ್ತು ಹೋಗ್ತೀರಲ್ಲ ಆ ವಾಲಂಟಿಯರ್ ಕೆಲಸ ಏನದು, ರಾಜಿ ಪಂಚಾಯ್ತಿನಾ ಅಂತ. ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ರೆಸ್ಟೋರೇಟಿವ್ ಜಸ್ಟಿಸ್ ಅಂದ್ರೆ, ತಪ್ಪು ಮಾಡಿದವರು, ಅದರಿಂದ ನೋವು ತಿಂದವರು, ಇಬ್ಬರೂ ಒಪ್ಪಿದ್ರೆ ಮಾತ್ರ ಎದುರುಬದರು ಕೂರಿಸಿ ಏನಾಯ್ತು, ಅದನ್ನ ಸರಿ ಮಾಡೋಕೆ ಏನು ಬೇಕು ಅಂತ ಅವರ ಬಾಯಲ್ಲೇ ಬರೋ ಹಾಗೆ ನೋಡ್ಕೊಳ್ಳೋದು, ಅಷ್ಟೇ. ಅರಳಿಕಟ್ಟೆ ಮೇಲೆ ದೊಡ್ಡೋರು ಕೂತು ನ್ಯಾಯ ಹೇಳೋದನ್ನ ನೋಡಿ ಬೆಳೆದೋರಿಗೆ ಇದರಲ್ಲಿ ಕಷ್ಟ ಆಗೋದು ಒಂದೇ ಕಡೆ, ಇಲ್ಲಿ ನ್ಯಾಯ ಹೇಳೋರು ನಾವಲ್ಲ.

ಈ ಕೆಲಸ ಹುಟ್ಟಿದ್ದೇ ನಮ್ಮ ಪಕ್ಕದೂರಲ್ಲಿ ಅಂತ ಸುಮಾರು ಜನಕ್ಕೆ ಗೊತ್ತಿಲ್ಲ. 1974ರಲ್ಲಿ ಎಲ್ಮೈರಾದಲ್ಲಿ ಇಬ್ಬರು ಹುಡುಗ್ರು ಕುಡಿದು ಒಂದೇ ರಾತ್ರೀಲಿ 22 ಕಡೆ ಕಿಟಕಿ ಒಡೆದು, ಟೈರ್ ಕುಯ್ದು ಹಾಳುಗೆಡವಿದ್ರು. ತಪ್ಪು ಮಾಡಿದೋರ ಮೇಲೆ ಕೋರ್ಟ್ ಪರವಾಗಿ ನಿಗಾ ಇಡೋ ಪ್ರೊಬೇಶನ್ ಆಫೀಸರ್ ಮಾರ್ಕ್ ಯಾಂಟ್ಸಿ, ಇವರನ್ನ ಆ ಮನೆಯವರ ಹತ್ರನೇ ಕರ್ಕೊಂಡ್ ಹೋದ್ರೆ ಹೇಗೆ ಅಂತ ಕೇಳಿದ್ರು, ಜಡ್ಜೂ ಒಪ್ಪಿದ್ರು. ಹುಡುಗ್ರು ಬಾಗಿಲು ಬಾಗಿಲಿಗೂ ಹೋಗಿ ನಾವೇ ಮಾಡಿದ್ದು ಅಂತ ಹೇಳಿ, ಆಮೇಲೆ ನಷ್ಟದ ದುಡ್ಡೂ ಕಟ್ಟಿದ್ರು. ಅವರಲ್ಲಿ ಒಬ್ಬರು, ರಸ್ ಕೆಲಿ, ಎಷ್ಟೋ ವರ್ಷ ಆದ್ಮೇಲೆ ಇದೇ ಕೆಲಸಕ್ಕೆ ವಾಲಂಟಿಯರ್ ಆಗಿ ಬಂದ್ರು. ನನಗೆ ಇವತ್ತಿಗೂ ಮೈ ಜುಮ್ ಅನ್ನೋ ವಿಷಯ ಅದು.

ಸೇರೋದು ಹೇಗೆ ಅಂದ್ರೆ, ಈ ಭಾಗದಲ್ಲಿ ಈ ಕೆಲಸ ನಡೆಸೋ ಕಮ್ಯುನಿಟಿ ಜಸ್ಟಿಸ್ ಇನಿಶಿಯೇಟಿವ್ಸ್ ಅನ್ನೋ ಸಂಸ್ಥೆ ಇದೆ, ಒಂಟಾರಿಯೋದ ಬೇರೆ ಊರಲ್ಲಿರೋರು ಜಾನ್ ಹಾವರ್ಡ್ ಸೊಸೈಟಿ ಥರದ ಕಡೆ ಫೋನ್ ಮಾಡಿ ವಾಲಂಟಿಯರ್ ತಗೋತಿದ್ದೀರಾ ಅಂತ ಕೇಳಿ. ಲಾ ಓದಿರಬೇಕು ಅಂತೇನಿಲ್ಲ. ಫಾರ್ಮು, ಇಂಟರ್ವ್ಯೂ, ರೆಫರೆನ್ಸು ಎಲ್ಲ ಸುಲಭ, ನಮ್ಮೋರು ಗಾಬರಿ ಆಗೋದು ಪೊಲೀಸ್ ಚೆಕ್ ಬಂದಾಗ. ಅದನ್ನ ವಲ್ನರಬಲ್ ಸೆಕ್ಟರ್ ಚೆಕ್ ಅಂತಾರೆ, ಮಕ್ಕಳು, ವಯಸ್ಸಾದೋರ ಥರದವರ ಜೊತೆ ಕೆಲಸ ಮಾಡೋರಿಗೆ ಮಾಡೋ ಚೆಕ್, ನೀವಿರೋ ಊರಿನ ಪೊಲೀಸರ ಹತ್ರನೇ ಮಾಡಿಸ್ಬೇಕು. ಕೆಲವು ಸಲ ಬೆರಳಚ್ಚು ಕೊಡಿ ಅಂತಾರೆ, ಹಂಗಂದ್ರೆ ನಿಮ್ಮ ಮೇಲೆ ಅನುಮಾನ ಅಂತ ಅಲ್ಲ, ಹಳೇ ರೆಕಾರ್ಡಲ್ಲಿರೋ ಯಾರದ್ದೋ ಹುಟ್ಟಿದ ತಾರೀಖಿಗೆ ನಿಮ್ಮದು ಹೊಂದಿದ್ರೂ ಕೇಳ್ತಾರೆ, ಕೊಟ್ಟು ಬನ್ನಿ. ಟೈಮ್ ಹಿಡಿಯತ್ತೆ, ಅದಕ್ಕೇ ಮೊದಲು ಇದನ್ನ ಹಾಕ್ಬಿಡಿ.

ಟ್ರೇನಿಂಗ್ ಅವರೇ ಕೊಡ್ತಾರೆ, ಹೆಚ್ಚಿನದು ರೋಲ್ ಪ್ಲೇ. ನಾಚ್ಕೋಬೇಡಿ, ತಪ್ಪು ಮಾಡಿದ ಹುಡುಗನ ಪಾತ್ರ ಸಿಕ್ಕರೆ ಬೇಡ ಅನ್ನದೇ ಮಾಡಿ, ಆ ಕುರ್ಚೀಲಿ ಕೂತಾಗ ಎದೆ ಹೆಂಗೆ ಹೊಡ್ಕೊಳ್ಳತ್ತೆ ಅಂತ ಒಂದ್ಸಲ ಗೊತ್ತಾಗ್ಲೇಬೇಕು. ಕೇಳೋ ಪ್ರಶ್ನೆಗಳು ಬಹಳ ಸರಳ: ಏನಾಯ್ತು, ಆಗ ನಿನ್ನ ತಲೇಲಿ ಏನಿತ್ತು, ಇದರಿಂದ ಯಾರ್ಯಾರಿಗೆ ಏನಾಯ್ತು, ಈಗ ಸರಿ ಮಾಡೋಕೆ ಏನು ಮಾಡ್ಬೇಕು. "ಯಾಕೆ ಮಾಡ್ದೆ" ಅಂತ ಮಾತ್ರ ಕೇಳ್ಬೇಡಿ, ಯಾಕೆ ಅಂದ ತಕ್ಷಣ ಮಕ್ಕಳು ನೆವ ಹುಡುಕ್ತಾರೆ, ಇಲ್ಲ ಬಾಯಿ ಮುಚ್ಕೋತಾರೆ.

ಅಸಲು ಕೆಲಸ ಇರೋದು ಮೀಟಿಂಗ್ ದಿನ ಅಲ್ಲ, ಅದಕ್ಕಿಂತ ಮುಂಚೆ, ಇಬ್ಬರನ್ನೂ ಬೇರೆ ಬೇರೆ ಹೋಗಿ ಮಾತಾಡ್ಸೋದ್ರಲ್ಲಿ. ಇಲ್ಲೇ ನಾನೂ ಎಡವಿದ್ದು. ವಿವರ ಬದಲಾಯ್ಸಿ ಹೇಳ್ತೀನಿ, ಒಬ್ಬ ಹುಡುಗ ಒಂಟಿಯಾಗಿರೋ ವಯಸ್ಸಾದ ಹೆಂಗಸಿನ ಮನೆ ಕಿಟಕಿ ಒಡೆದಿದ್ದ, ಅವರು ಅವತ್ತಿಂದ ರಾತ್ರಿ ಲೈಟ್ ಆರಿಸಿ ಮಲಗ್ತಾನೇ ಇರ್ಲಿಲ್ಲ. ಅವರು ಅಳ್ತಾ ಇರೋವಾಗ ನಾನು, ಊರಲ್ಲಿ ನಮ್ಮಜ್ಜ ಹೇಳ್ತಿದ್ದ ಹಾಗೇನೇ, ಚಿಕ್ಕ ಹುಡುಗ, ತಿಳೀದೇ ಮಾಡಿದಾನೆ, ಹೋಗ್ಲಿ ಬಿಡಿ ಅಂದ್ಬಿಟ್ಟೆ. ಅವರು ಅಲ್ಲಿಗೇ ಮಾತು ನಿಲ್ಲಿಸಿದ್ರು. ಹೊರಗೆ ಬಂದ್ಮೇಲೆ ಜೊತೇಲಿದ್ದ ಹಳೇ ವಾಲಂಟಿಯರ್ ಕೇಳಿದ್ರು, ಕ್ಷಮಿಸೋದು ಅವರ ಕೈಲಿರೋದು, ನೀವ್ಯಾಕೆ ಅವರ ಪರವಾಗಿ ಕೊಟ್ರಿ ಅಂತ. ಆಮೇಲೆ ಇನ್ನೊಂದ್ಸಲ ಹೋಗಿ, ಹಾಗೆ ಹೇಳಿದ್ದು ತಪ್ಪಾಯ್ತಮ್ಮ ಅಂತ ಕೇಳ್ಕೊಂಡೇ ಮುಂದೆ ಹೋಗಿದ್ದು. "ಅಡ್ಜಸ್ಟ್ ಮಾಡ್ಕೊಳ್ಳಿ", "ಆಗಿದ್ದಾಯ್ತು", "ದೊಡ್ಡ ಮನಸ್ಸು ಮಾಡಿ", ಈ ಮೂರು ಮಾತು ನಾಲಿಗೆ ತುದೀಲೇ ಇರತ್ತೆ ನಮಗೆ, ಹಿಡ್ಕೊಳ್ಳಿ.

ಹುಡುಗನ ಕಡೆ ಹೋದಾಗ ನೋಡ್ಬೇಕಾದ್ದು ಬೇರೆ. 12ರಿಂದ 17 ವರ್ಷದೋರಿಗೆ ಕೋರ್ಟಿನ ಹೊರಗೆ ಹೀಗೆ ಬಗೆಹರಿಸೋಕೆ 2003ರಲ್ಲಿ ಜಾರಿಗೆ ಬಂದ ಯೂತ್ ಕ್ರಿಮಿನಲ್ ಜಸ್ಟಿಸ್ ಆಕ್ಟ್ ಅವಕಾಶ ಕೊಡತ್ತೆ. ಎಕ್ಸ್‌ಟ್ರಾಜುಡಿಶಿಯಲ್ ಸ್ಯಾಂಕ್ಷನ್, ಅಂದ್ರೆ ಕೋರ್ಟಲ್ಲಿ ಶಿಕ್ಷೆ ಕೊಡೋ ಬದಲು ಹೊರಗೆ ತಗೊಳ್ಳೋ ಕ್ರಮ, ಅಂತ ಬಂದ ಕೇಸಾದ್ರೆ ಆ ಹುಡುಗ ನಾನೇ ಮಾಡಿದ್ದು ಅಂತ ಜವಾಬ್ದಾರಿ ತಗೊಂಡಿರ್ಬೇಕು, ಒಪ್ಪಿಗೇನೂ ಕೊಟ್ಟಿರ್ಬೇಕು, ಹಾಗೆ ಒಪ್ಕೊಂಡಿದ್ದನ್ನ ಆಮೇಲೆ ಕೋರ್ಟಲ್ಲಿ ಅವನ ವಿರುದ್ಧ ಸಾಕ್ಷಿಯಾಗಿ ಬಳಸೋ ಹಾಗಿಲ್ಲ. ಇದನ್ನ ಅಪ್ಪ ಅಮ್ಮಂಗೂ ಬಿಡಿಸಿ ಹೇಳಿ. ನಮ್ಮ ಕಡೆ ಮನೆಗಳಲ್ಲಿ ಅಪ್ಪನೇ ಎಲ್ಲದಕ್ಕೂ ಉತ್ತರ ಕೊಟ್ಬಿಡ್ತಾರೆ, ಮಗ ತಲೆ ತಗ್ಗಿಸ್ಕೊಂಡು ಕೂತಿರ್ತಾನೆ, ಆಗ ಮೆತ್ತಗೆ, ಸರ್ ಒಂದ್ನಿಮಿಷ ಅವನ ಬಾಯಲ್ಲಿ ಕೇಳ್ತೀನಿ ಅನ್ನಿ.

ಮೀಟಿಂಗ್ ದಿನ ಅರ್ಧ ಗಂಟೆ ಮುಂಚೆ ಹೋಗಿ ಕುರ್ಚಿ ರೌಂಡಾಗಿ ಹಾಕಿ, ಮಧ್ಯ ಟೇಬಲ್ ಬೇಡ. ನೀರು, ಟಿಶ್ಯೂ ಇಡಿ. ಇಬ್ಬರೂ ಒಂದೇ ಬಾಗಿಲಲ್ಲಿ ಡಿಕ್ಕಿ ಹೊಡ್ಕೊಳ್ದೇ ಇರೋ ಹಾಗೆ ಯಾರು ಎಲ್ಲಿ ಕಾಯ್ಬೇಕು ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ, ನೋವು ತಿಂದವರಿಗೆ ಎಲ್ಲಿ ಕೂರ್ತೀರಿ ಅಂತ ಮೊದಲು ಕೇಳಿ. ಕೆಲವು ಕಡೆ ಒಂದು ವಸ್ತು ಕೈಯಿಂದ ಕೈಗೆ ಹೋಗತ್ತೆ, ಅದು ಹಿಡಿದಿರೋರು ಮಾತ್ರ ಮಾತಾಡೋದು. ಇದು ಇಲ್ಲಿನ ಮೂಲನಿವಾಸಿಗಳಿಂದ ಬಂದ ಪದ್ಧತಿ, ನಾವು ಮನೆ ಮಾಡ್ಕೊಂಡಿರೋ ಗ್ರ್ಯಾಂಡ್ ನದಿ ದಂಡೆ 1784ರಲ್ಲಿ ಸಿಕ್ಸ್ ನೇಷನ್ಸ್ ಅನ್ನೋ ಮೂಲನಿವಾಸಿ ಜನಕ್ಕೆ ಅಂತ ಕೊಟ್ಟಿದ್ದ ಜಾಗ, ಅದನ್ನ ಮರೀದೇ ಗೌರವದಿಂದ ಹಿಡೀರಿ. ಸುಮ್ಮನೆ ಮೌನ ಬಂದಾಗ ಹತ್ತು ಎಣಿಸಿ. ಒಳ್ಳೇ ಮಾತೆಲ್ಲ ಆ ಹತ್ತರ ಆಚೆನೇ ಬರೋದು.

ಒಪ್ಪಂದ ಬರೆಯೋವಾಗ "ಇನ್ಮೇಲೆ ಸರಿಯಾಗಿರ್ತೀನಿ" ಅಂತ ಬರೆಸ್ಬೇಡಿ. ಎಷ್ಟು ದುಡ್ಡು, ಯಾವ ತಾರೀಖು, ಯಾವ ಶನಿವಾರ ಬಂದು ಹಿಮ ತೆಗೀತಾನೆ, ಅದು ಆಗಿದೆ ಅಂತ ನೋಡೋರು ಯಾರು, ಇಷ್ಟು ಇರ್ಲಿ.

ಇನ್ನೆರಡು ವಿಷಯ ಗಟ್ಟಿಯಾಗಿ ಹೇಳ್ತೀನಿ. ಮಗುಗೆ ಹಿಂಸೆ ಆಗ್ತಿದೆ ಅಂತ ಸುಳಿವು ಸಿಕ್ಕರೆ ಗುಟ್ಟು ಅಂತ ಇಟ್ಕೊಳ್ಳೋ ಹಾಗಿಲ್ಲ, ಮಕ್ಕಳ ರಕ್ಷಣೆ ನೋಡ್ಕೊಳ್ಳೋ ಚಿಲ್ಡ್ರನ್ಸ್ ಏಡ್ ಸೊಸೈಟಿಗೆ ನೀವೇ ಹೇಳ್ಬೇಕು, ಒಂಟಾರಿಯೋದಲ್ಲಿ ಅದು ಕಾನೂನು. ಮಿಕ್ಕಿದ್ದು ಯಾವುದೂ ಆ ರೂಮಿಂದ ಆಚೆ ಬರಬಾರದು, ಕನ್ನಡ ಸಂಘದ ಊಟದಲ್ಲಿ ಹೆಸರಿಲ್ದೇ ಹೇಳಿದ್ರೂ ಯಾರು ಅಂತ ಗೊತ್ತಾಗೋಗತ್ತೆ, ನಾವಿರೋದೇ ಅಷ್ಟು ಜನ. ಅದಕ್ಕೇ ಪರಿಚಯದವರ ಕೇಸ್ ಬಂದ್ರೆ ಮೊದಲ ದಿನವೇ ಕೋಆರ್ಡಿನೇಟರ್‌ಗೆ ಹೇಳಿ ಹಿಂದೆ ಸರೀರಿ.

ಆ ಹೆಂಗಸಿನ ಮನೆಗೆ ಹುಡುಗ ಒಟ್ಟು ನಾಲ್ಕು ಶನಿವಾರ ಬಂದ. ಕೊನೇದಕ್ಕೆ ನಾನು ಫೋನ್ ಮಾಡಿದಾಗ ಅವರು ಕ್ಷಮಿಸಿದೀನಿ ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಗ ಹಾಲ್ ಲೈಟ್ ಒಂದೇ ಹಾಕ್ಕೊಂಡು ಮಲಗ್ತೀನಿ ಅಂದ್ರು.