ಕರೆಂಟ್ ಹೋದರೂ ಸರ್ವರ್ ಕೆಲಸ ಕೆಡದಂತೆ ಟಿಮಕ್ಸ್ ಬಳಸುವುದು ಹೇಗೆ?

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಗಾಳಿಮಳೆಗೆ ಸಿಲ್ವರ್ ಓಕ್ ಕೊಂಬೆಯೊಂದು ಲೈನ್ ಮೇಲೆ ಬಿದ್ದರೆ ಭಾಗಮಂಡಲದ ಕಡೆ ಕರೆಂಟ್ ಹೋಯಿತೆಂದೇ ಲೆಕ್ಕ. ಹಿಂದೆಯೇ ಟವರಿನ ಬ್ಯಾಟರಿಯೂ ಇಳಿಯುತ್ತದೆ. ಮನೆಯಲ್ಲೇ ಕೂತು ದೂರದ ಸರ್ವರ್ ನೋಡಿಕೊಳ್ಳುವವರಿಗೆ ಆಗ ಅರ್ಧ ಮುಗಿದಿದ್ದ ಬ್ಯಾಕಪ್ಪೂ ಹಾಳು. ಎಸ್‌ಎಸ್‌ಎಚ್ (ದೂರದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಸಂಪರ್ಕ ಕಡಿದಾಗ ಆ ಟರ್ಮಿನಲ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಂಗಳಿಗೆ ‘ಹ್ಯಾಂಗಪ್’ ಸಿಗ್ನಲ್ ಹೋಗುತ್ತದೆ, ಹೆಚ್ಚಿನವು ಅಲ್ಲಿಗೇ ನಿಲ್ಲುತ್ತವೆ. ಟಿಮಕ್ಸ್ (tmux) ಎಂಬ ಪ್ರೋಗ್ರಾಂ ಸರ್ವರ್‌ನೊಳಗೇ ಬೇರೆ ಟರ್ಮಿನಲ್ ತೆರೆದಿಟ್ಟುಕೊಳ್ಳುವುದರಿಂದ ಈ ಪೆಟ್ಟು ಕೆಲಸಕ್ಕೆ ತಾಗುವುದಿಲ್ಲ.

(ಆದೇಶಗಳನ್ನು ಉಚ್ಚಾರಣೆಯಂತೆ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ.)

ಮೊದಲು ಸರ್ವರ್‌ಗೆ ಲಾಗಿನ್ ಆಗಿ. ಲ್ಯಾಪ್‌ಟಾಪ್‌ನಲ್ಲಿ ಟಿಮಕ್ಸ್ ಹಾಕಿಕೊಂಡು ಸರ್ವರ್‌ನಲ್ಲಿ ಹಾಕದಿದ್ದರೆ ಪ್ರಯೋಜನವಿಲ್ಲ. ತುಂಬ ಜನ ಎಡವುವುದು ಇಲ್ಲೇ. ಉಬುಂಟು ಆದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಟಿಮಕ್ಸ್’. ಆಮೇಲೆ ‘ಟಿಮಕ್ಸ್ ನ್ಯೂ -ಎಸ್ ಬ್ಯಾಕಪ್’ ಎಂದು ಹೆಸರಿಟ್ಟೇ ಸೆಷನ್ (ಟಿಮಕ್ಸ್ ತೆರೆದಿಟ್ಟುಕೊಳ್ಳುವ ಆ ಟರ್ಮಿನಲ್) ತೆರೆಯಿರಿ. ಹೆಸರಿಲ್ಲದ ಸೆಷನ್‌ಗೆ 0, 1 ಎಂದು ನಂಬರ್ ಬೀಳುತ್ತದೆ, ವಾರ ಕಳೆದರೆ ಯಾವುದು ಯಾವುದೆಂದು ತಿಳಿಯದು.

ಕೆಲಸ ಓಡಲು ಬಿಟ್ಟು ಹೊರಬರಲು ಕಂಟ್ರೋಲ್-ಬಿ ಒತ್ತಿ, ಕೈ ಬಿಟ್ಟು, ಡಿ ಒತ್ತಿ. ‘ಎಕ್ಸಿಟ್’ ಎಂದು ಹೊಡೆದರೆ ಆದೇಶಗಳನ್ನು ಓಡಿಸುವ ಶೆಲ್ಲೇ ಮುಚ್ಚಿಹೋಗುತ್ತದೆ. ಹಿಂದಿನ ಸಾಲುಗಳನ್ನು ನೋಡಲು ಕಂಟ್ರೋಲ್-ಬಿ, ನಂತರ ಎಡ ಚೌಕ ಆವರಣ; ವಾಪಸ್ ಬರಲು ಕ್ಯೂ. ನೀವು ಬದಲಿಸದಿದ್ದರೆ ಉಳಿಯುವುದು 2000 ಸಾಲು ಮಾತ್ರ. ದೊಡ್ಡ ಲಾಗ್‌ಗೆ ಅದು ಸಾಲದು. ‘ಹಿಸ್ಟರಿ-ಲಿಮಿಟ್’ ಅನ್ನು ಟಿಮಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ 20000ಕ್ಕೆ ಏರಿಸಿ. ಈ ಬದಲಾವಣೆ ಹೊಸದಾಗಿ ತೆರೆದ ವಿಂಡೋಗಳಿಗಷ್ಟೇ ತಾಗುತ್ತದೆ.

ನೆಟ್ ಹೋಗಿ ಪರದೆ ಮರಗಟ್ಟಿದರೆ ಟರ್ಮಿನಲ್ ವಿಂಡೋ ಮುಚ್ಚಬೇಕಿಲ್ಲ: ಎಂಟರ್, ಟಿಲ್ಡ್ (~), ಚುಕ್ಕಿ ಒಂದರ ಹಿಂದೊಂದು ಒತ್ತಿದರೆ ಎಸ್‌ಎಸ್‌ಎಚ್ ಬಿಟ್ಟುಕೊಡುತ್ತದೆ. ಸಿಗ್ನಲ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ ‘ಟಿಮಕ್ಸ್ ಎಲ್‌ಎಸ್’ ಎಂದು ಪಟ್ಟಿ ನೋಡಿ, ‘ಟಿಮಕ್ಸ್ ಅಟ್ಯಾಚ್ -ಡಿ -ಟಿ ಬ್ಯಾಕಪ್’ ಕೊಡಿ. ಆ ‘-ಡಿ’ ಮರೆಯಬೇಡಿ. ನಿಮ್ಮ ಹಳೆಯ ಸಂಪರ್ಕ ಸತ್ತಿದ್ದು ಸರ್ವರ್‌ಗೆ ಇನ್ನೂ ಗೊತ್ತಿರುವುದಿಲ್ಲ. ಅದನ್ನು ಕಳಚಿಹಾಕುವುದು ಇದೇ.

ಸಿಗ್ನಲ್ ಹೋಗಿಬಂದು ಮಾಡುವ ತೋಟದ ಮನೆಗಳಲ್ಲಿ ಎಸ್‌ಎಸ್‌ಎಚ್ ಬದಲು ಅದೇ ಕೆಲಸ ಮಾಡುವ ಮಾಶ್ (mosh) ಒಳ್ಳೆಯದು. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹಾರಿದರೂ ಸಂಪರ್ಕ ಉಳಿಯುತ್ತದೆ. ಎರಡೂ ಕಡೆ ಅದನ್ನು ಇನ್‌ಸ್ಟಾಲ್ ಮಾಡಿ, ಸರ್ವರ್‌ನ ಫೈರ್‌ವಾಲ್‌ನಲ್ಲಿ ಯುಡಿಪಿ 60000ರಿಂದ 61000ರವರೆಗಿನ ಪೋರ್ಟ್‌ಗಳನ್ನು ತೆರೆದಿಡಬೇಕು. ಮೇಲೆ ಸರಿದ ಸಾಲುಗಳನ್ನು ಮಾಶ್ ಇಟ್ಟುಕೊಳ್ಳದು, ಹಾಗಾಗಿ ಒಳಗೆ ಟಿಮಕ್ಸ್ ಇರಲೇಬೇಕು.

ಆದರೆ ಸರ್ವರ್ ತಾನೇ ರೀಬೂಟ್ ಆದರೆ ಸೆಷನ್‌ಗಳೆಲ್ಲ ಹೋಗುತ್ತವೆ. ರೀಬೂಟ್ ಆಗದೆಯೂ ಲಾಗೌಟ್ ಆದೊಡನೆ ಮಾಯವಾದರೆ ಲಿನಕ್ಸ್‌ನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂ-ಡಿಯಲ್ಲಿ, ಲಾಗೌಟ್ ಆದವರ ಪ್ರೋಗ್ರಾಂಗಳನ್ನು ನಿಲ್ಲಿಸುವ ‘ಕಿಲ್ ಯೂಸರ್ ಪ್ರಾಸೆಸಸ್’ ಆನ್ ಆಗಿದೆಯೇ ನೋಡಲು ಅಡ್ಮಿನ್ ಬಳಿ ಹೇಳಿ.