32 ಸೆಕೆಂಡಿಗೆ ಕಟ್ ಆಗುತ್ತಿದ್ದ ಫೋನು

ಶಿರಸಿ ಪೇಟೆಯಲ್ಲಿ ಒಬ್ಬ ಸಾಹುಕಾರರ ಅಡಿಕೆ ಅಂಗಡಿ, ಊರ ಹೊರಗೆ ವಖಾರಿ, ಅಲ್ಲಿಂದ ಸುಮಾರು 20 ಕಿಲೋಮೀಟರ್ ಒಳಗೆ ಮನೆ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು, ಆದರೆ ಫೈಬರ್ ಬಂದಿದೆ. ಮೂರೂ ಕಡೆ ಫೋನ್ ಸೆಟ್ ಇರಬೇಕು, ಮೂರಂಕಿ ಒತ್ತಿದರೆ ರಿಂಗ್ ಆಗಬೇಕು, ಇಷ್ಟೇ ಕೆಲಸ. ವಾಟ್ಸಾಪ್ ಕಾಲ್ ಇದೆಯಲ್ಲ ಮಾರಾಯ ಅಂತ ಗೆಳೆಯರು ನಕ್ಕರು. ಎಂಬತ್ತು ದಾಟಿದ ಅಮ್ಮಮ್ಮನಿಗೆ ರಿಸೀವರ್ ಎತ್ತುವುದು ಗೊತ್ತು, ಸ್ಕ್ರೀನ್ ಉಜ್ಜುವುದು ಬರಲ್ಲ, ಅದನ್ನು ಯಾರಿಗೆ ಹೇಳೋದು. ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಫೋನುಗಳನ್ನು ಜೋಡಿಸುವ ಯಂತ್ರ) ಮಾರುವವರೊಬ್ಬರು 75 ಸಾವಿರದ ಹತ್ತಿರ ಕೊಟೇಶನ್ ಕೊಟ್ಟಿದ್ದರು. ನೆಟ್ ಮೇಲಿನ ಫೋನು ಮಲೆನಾಡಿನ ಮಳೆಗಾಲ ದಾಟಿದರೆ ಮೀಸೆ ಬೋಳಿಸ್ತೇನೆ ಅಂದಿದ್ದರು. ಎರಡು ಮಳೆಗಾಲ ದಾಟಿದೆ. ಮೀಸೆ ಇನ್ನೂ ಇದೆ.

ಅಂಗಡಿಯಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಕರೆ ಜೋಡಿಸುವ ಆಸ್ಟರಿಸ್ಕ್ ಸಾಫ್ಟ್‌ವೇರ್, ಮೂರು ಕಡೆ ಮಾಮೂಲಿ ಫೋನನ್ನು ನೆಟ್‌ಗೆ ಸೇರಿಸುವ ಒಂದೊಂದು ಎಟಿಎ ಡಬ್ಬಿ. ಹೊರಗಿನ ಕರೆ ಒಳಗೆ ಬರಲಿ ಅಂತ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಎರಡು ದಿನ ಒದ್ದಾಡಿದೆ, ಹೊರಗಿನಿಂದ ಒಂದು ಪ್ಯಾಕೆಟ್ಟೂ ಬರಲಿಲ್ಲ. ಆಮೇಲೆ ರೂಟರ್‌ನ ವ್ಯಾನ್ ಐಪಿ, ಅಂದರೆ ಅದರ ಹೊರಬದಿಯ ನೆಟ್ ವಿಳಾಸ, ನೋಡಿದೆ. 100.72ರಿಂದ ಶುರು! ಸಿಜಿನ್ಯಾಟ್ (ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವರಿಗೆ ಹಂಚುವ ಪದ್ಧತಿ) ಹಿಂದೆ ಕೂತು ನಾನು ಬಾಗಿಲು ತೆರೆಯುತ್ತಿದ್ದೆ. ನಮಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೆ ಮೂರು ಸಾವಿರದಷ್ಟು ಕೊಡಬೇಕಾಯಿತು. ಸಾಹುಕಾರರ ಮುಖ ಚಿಕ್ಕದಾಯಿತು.

ಈಗ ರಿಂಗ್ ಆಯಿತು. ನಾನು ಮನೆಯಿಂದ ಮಾಡಿದರೆ ಅಂಗಡಿಯಲ್ಲಿ ಎತ್ತಿದ ಗುಮಾಸ್ತರು, "ತಮಾ, ರಿಂಗಾಗ್ತು, ಮಾತು ಮಾತ್ರ ಕೇಳ್ತಿಲ್ಲೆ!" ಅವರ ದನಿ ನನಗೆ ಕೇಳುತ್ತಿದೆ, ನನ್ನದು ಅವರಿಗಿಲ್ಲ. ದನಿಯನ್ನು ಎಲ್ಲಿಗೆ ಕಳಿಸಬೇಕು ಅಂತ ಹೇಳುವ ಎಸ್‌ಡಿಪಿ ಒಳಗೆ, ಹೊರಗಿನಿಂದ ಮುಟ್ಟಲಾಗದ ಅಂಗಡಿಯ ಒಳಗಿನ 192.168 ವಿಳಾಸವೇ ಹೋಗುತ್ತಿತ್ತು. ದನಿಗೆ ಹೊರಗಿನ ವಿಳಾಸ ಕೊಡುವ ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್ ಹಾಕಿದೆ, ಫೋನುಗಳು ನೇರ ದನಿ ಕಳಿಸಿಕೊಳ್ಳುವ ಡೈರೆಕ್ಟ್ ಮೀಡಿಯಾ ಬಂದ್ ಮಾಡಿದೆ, ದನಿ ಬಂದ ದಾರಿಯಲ್ಲೇ ದನಿ ವಾಪಸ್ ಕಳಿಸುವ ಆರ್‌ಟಿಪಿ ಸಿಮೆಟ್ರಿಕ್ ಹಚ್ಚಿದೆ. ಎರಡೂ ಕಡೆ ಮಾತು ಬಂತು. ಮನೆಯವರು ಚಾ ಮಾಡಿ ಕೊಟ್ಟರು.

ಚಾ ಮುಗಿಯುವ ಮುಂಚೆ ಕಟ್.

ಮತ್ತೆ ಮಾಡಿದೆ, ಮತ್ತೆ ಕಟ್. ಗೋಡೆ ಗಡಿಯಾರ ನೋಡುತ್ತಾ ಹತ್ತು ಸಲ ಮಾಡಿದೆ. ಪ್ರತಿ ಸಲ ಅರ್ಧ ನಿಮಿಷದ ಮೇಲೆ ಒಂದೆರಡು ಸೆಕೆಂಡ್. ವಿಚಿತ್ರ ಅಂದರೆ ಅಂಗಡಿಯಿಂದ ಮನೆಗೆ ಮಾಡಿದರೆ ಕಟ್ ಆಗುತ್ತಿರಲಿಲ್ಲ, ಮನೆಯಿಂದ ಮಾಡಿದರೆ ಮಾತ್ರ. ನೆಟ್ ಸ್ಪೀಡ್ ಸಾಲದು ಅಂತ ಎಲ್ಲರೂ ಹೇಳಿದರು. ದನಿ ಕಳಿಸುವ ಮಾಮೂಲಿ ವಿಧಾನ ಜಿ.711ರಲ್ಲಿ ಒಂದು ಕರೆಗೆ ಒಂದೊಂದು ದಿಕ್ಕಿಗೆ 80-90 ಕೆಬಿಪಿಎಸ್ ಸಾಕು, ಅಲ್ವಾ? ಆದರೂ ಮಾತು ಕೇಳಿ ದನಿಯನ್ನು ಇನ್ನೂ ಅದುಮುವ ಜಿ.729ಕ್ಕೆ ಇಳಿಸಿದೆ. ದನಿ ತಗಡಿನ ಡಬ್ಬಿಯಿಂದ ಬಂದಂಗಾಯಿತು, ಕಟ್ ಆಗುವುದು ನಿಲ್ಲಲಿಲ್ಲ. ಎಟಿಎಯದ್ದೇ ತಪ್ಪು ಅಂದುಕೊಂಡು ಇನ್ನೊಂದು ಕೊಂಡೆ. 3,500 ರೂಪಾಯಿ ನೀರಿಗೆ.

ಕೊನೆಗೆ ಒಂದು ರಾತ್ರಿ ಕರೆಯ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ಹಾಕಿಕೊಂಡು ಕೂತೆ. ಆಸ್ಟರಿಸ್ಕ್ 'ಕರೆ ಎತ್ತಿದ್ದಾರೆ' ಅನ್ನುವ 200 ಓಕೆ ಕಳಿಸುತ್ತದೆ, ಉತ್ತರ ಇಲ್ಲ. ಮತ್ತೆ ಕಳಿಸುತ್ತದೆ, ಮತ್ತೆ, ಮತ್ತೆ. 'ಸಿಕ್ಕಿತು' ಅನ್ನುವ ಎಸಿಕೆ ಬರುತ್ತಲೇ ಇಲ್ಲ. ನೆಟ್ ಫೋನುಗಳು ಕರೆ ಜೋಡಿಸುವ ಭಾಷೆ ಎಸ್‌ಐಪಿ, ಅದರಲ್ಲಿ ಟಿ1 ಅನ್ನುವ ಕಾಯುವ ಅಳತೆ ಅಂದರೆ 500 ಮಿಲಿಸೆಕೆಂಡ್, ಅದರ 64 ಪಟ್ಟು 32 ಸೆಕೆಂಡ್. ಅಲ್ಲಿವರೆಗೆ ಕಾದು ಕರೆ ಕೈಬಿಡುತ್ತದೆ. ಎಸ್‌ಐಪಿಯ ನಿಯಮದ ಪುಸ್ತಕ, 2002ರ ಆರ್‌ಎಫ್‌ಸಿ 3261ರಲ್ಲಿ ಬರೆದಿಟ್ಟಿದ್ದಾರೆ, ನಾನು ಆ ಪುಟ ಹಾರಿಸಿದ್ದೆ. ಮೀಡಿಯಾಗೆ, ಅಂದರೆ ದನಿಗೆ, ಹೊರಗಿನ ವಿಳಾಸ ಕೊಟ್ಟವನು ಕರೆ ಜೋಡಿಸುವ ಸಂದೇಶಗಳಿಗೆ, ಅಂದರೆ ಸಿಗ್ನಲಿಂಗ್‌ಗೆ, ಕೊಡಲು ಮರೆತಿದ್ದೆ. ಉತ್ತರ ಎಲ್ಲಿಗೆ ಕಳಿಸಬೇಕು ಅಂತ ಹೇಳುವ ಕಾಂಟ್ಯಾಕ್ಟ್ ಹೆಡರ್‌ನಲ್ಲಿ 192.168.1.50 ಅಂತ ಹೋಗುತ್ತಿತ್ತು. ಮನೆಯ ನೆಟ್‌ವರ್ಕಿನಲ್ಲೂ ಅದೇ ವಿಳಾಸ ಇತ್ತು, ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್‌ದು. ಅಂದರೆ ಅಮ್ಮಮ್ಮನ ಫೋನು ಪಾಪ ಪ್ರತಿ ಸಲವೂ ಸರಿಯಾಗೇ ಎಸಿಕೆ ಕಳಿಸಿತ್ತು, ಅದು ಹೋಗಿ ಬೀಳುತ್ತಿದ್ದದ್ದು ಜಗುಲಿ ಮೇಲಿನ ಡಿವಿಆರ್‌ಗೆ. ಅಂಗಡಿಯಿಂದ ಮಾಡಿದಾಗ ಮನೆಗೆ ಎಸಿಕೆ ಕಳಿಸುವುದು ಆಸ್ಟರಿಸ್ಕೇ, ಅದಕ್ಕೇ ಆಗ ಕಟ್ ಆಗುತ್ತಿರಲಿಲ್ಲ. ಒಂದು ಸಾಲು ಸೇರಿಸಿದೆ, ಮುಗಿಯಿತು. ಹನ್ನೊಂದು ದಿನ, ಒಂದು ಸಾಲು.

ವಖಾರಿಯಲ್ಲಿ ಮತ್ತೊಂದು ಕಥೆ. ಬೆಳಿಗ್ಗೆ ಸರಿ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಒಳಬರುವ ಕರೆ ಇಲ್ಲ. ಅಲ್ಲಿನ ರೂಟರ್, ಕರೆ ಒಳಬರುವ ಯುಡಿಪಿ ದಾರಿಯನ್ನು ಬೇಗ ಮರೆಯುತ್ತಿತ್ತು. ದಾರಿ ತೆರೆದಿಡಲು ಆಗಾಗ ಕಳಿಸುವ ಕೀಪ್ ಅಲೈವ್ ಸಂದೇಶದ ಅಂತರ 20 ಸೆಕೆಂಡಿಗೆ ಇಳಿಸಿದೆ. ಅದೇ ರೂಟರ್‌ನಲ್ಲಿ ಎಸ್‌ಐಪಿ ಎಎಲ್‌ಜಿ (ಕರೆ ಸಂದೇಶಗಳನ್ನು ರೂಟರ್ ತಾನೇ ತಿದ್ದುವ ಸೌಲಭ್ಯ) ಆಫ್ ಮಾಡುವ ಜಾಗವೇ ಇರಲಿಲ್ಲ, ಹೆಡರ್ ತಿದ್ದಿ ಕೆಡಿಸುತ್ತಿತ್ತು. ಎಸ್‌ಐಪಿಯ ಮಾಮೂಲಿ ಪೋರ್ಟ್ 5060 ಬಿಟ್ಟು ಬೇರೆ ಪೋರ್ಟ್‌ಗೆ ಹೋದೆ. ಯಾವುದು ಅಂತ ಕೇಳಬೇಡಿ. 5060 ತೆರೆದಿದ್ದ ದಿನಗಳಲ್ಲಿ ಲಾಗ್ ತುಂಬ ಫ್ರೆಂಡ್ಲಿ ಸ್ಕ್ಯಾನರ್ ಹೆಸರಿನ ಭೂತಗಳು, ಫೋನ್ ನಂಬರ್ 101ಕ್ಕೆ ಪಾಸ್‌ವರ್ಡೂ 101 ಅಂತ ಹಾಕಿ ನೋಡುತ್ತಿದ್ದವು. ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಫೇಲ್2ಬ್ಯಾನ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಅಂಗಡಿಯ ಲ್ಯಾಂಡ್‌ಲೈನ್ ಇದಕ್ಕೆ ಜೋಡಿಸಿ ಅಂತಲೂ ಕೇಳಿದರು, ನಾನು ಒಪ್ಪಲಿಲ್ಲ. ಲೈಸೆನ್ಸ್ ಇಲ್ಲದೆ ನೆಟ್ ಕರೆಯನ್ನು ಮಾಮೂಲಿ ಫೋನ್ ಜಾಲಕ್ಕೆ ತಿರುಗಿಸಿದರೆ ಕೇಸ್ ಬೀಳುತ್ತದೆ.

ನಡುವೆ ಒಂದು ಹುಚ್ಚು. 555 ಒತ್ತಿದರೆ ಆ ದಿನದ ಅಡಿಕೆ ರೇಟು ಹೇಳಬೇಕು ಅಂತ ಮಾಡಿದೆ. ಮೊದಲು ಕಂಪ್ಯೂಟರ್ ದನಿ ಹಾಕಿದೆ, ರಾಶಿ, ಬೆಟ್ಟೆ, ಚಾಲಿ ಅನ್ನುವ ಅಡಿಕೆ ಬಗೆಗಳ ಹೆಸರನ್ನು ರೈಲ್ವೆ ಸ್ಟೇಷನ್ ಘೋಷಣೆ ಥರ ಓದಿತು. ಈಗ ಅಂಗಡಿಯ ಗುಮಾಸ್ತರೇ ದಿನಾ ಸಂಜೆ 556ಕ್ಕೆ ಕರೆ ಮಾಡಿ ರೆಕಾರ್ಡ್ ಮಾಡುತ್ತಾರೆ. ಹಿಂದೆ ತಕ್ಕಡಿ ಸದ್ದೂ ಬರುತ್ತೆ. ಮನೆಯಿಂದ ಇದಕ್ಕೇ ಜಾಸ್ತಿ ಕರೆ.

ಖರ್ಚು ನೆನಪಿದ್ದಷ್ಟು: ಪೈ ಹಳೇದು 4 ಸಾವಿರ, ಎಟಿಎ ದಂಡದ್ದೂ ಸೇರಿ 14 ಸಾವಿರ, ರೂಟರ್‌ಗೆ ಸಣ್ಣ ಯುಪಿಎಸ್ ಮೂರು 4,500, ಐಪಿಗೆ 3 ಸಾವಿರ. ಇಪ್ಪತ್ತೈದು, ಇಪ್ಪತ್ತಾರು ಸಾವಿರ. ನನ್ನ ಮಜೂರಿ ಬೇರೆ, ಅದು ನನಗೂ ಸಾಹುಕಾರರಿಗೂ ಬಿಟ್ಟದ್ದು. ಕರೆಂಟ್ ಹೋಗಿ ಬಂದಾಗ ಮೂರೂ ಫೋನು ತಾನಾಗಿ ಎದ್ದು ನಿಲ್ಲುವ ಹಾಗೆ ಒಂದು ಸ್ಕ್ರಿಪ್ಟ್ ಇದೆ, ಅದನ್ನೂ ಇಲ್ಲಿ ಬರೆಯಲ್ಲ, ಹೊಟ್ಟೆಪಾಡು.

ಮೊನ್ನೆ ಲಾಗ್ ನೋಡುತ್ತಿದ್ದೆ. ಮನೆಯಿಂದ ಅಂಗಡಿಗೆ ಒಂದು ಕರೆ, 1 ಗಂಟೆ 12 ನಿಮಿಷ. ಏನಪ್ಪಾ ಅಂತ ಫೋನ್ ಮಾಡಿದರೆ, ಅಮ್ಮಮ್ಮ ರಿಸೀವರ್ ಸರಿಯಾಗಿ ಇಟ್ಟಿರಲಿಲ್ಲ.