ಆರು ದಿನ, ಒಂದೇ ರಸ್ತೆ: ಅಪ್ಪ-ಅಮ್ಮನ ಜೊತೆ ಕೆನಡಾದ ರಾಕಿ ಬೆಟ್ಟಗಳಲ್ಲಿ

ಅಪ್ಪ-ಅಮ್ಮ ಶಿವಮೊಗ್ಗದಿಂದ ಟೊರಾಂಟೊಗೆ ಬರುವ ಮೊದಲೇ ನಾನೊಂದು ಪಟ್ಟಿ ಮಾಡಿದ್ದೆ. ನಯಾಗರ, ಮಾಂಟ್ರಿಯಲ್, ಕ್ವಿಬೆಕ್ ಸಿಟಿ, ಬ್ಯಾನ್ಫ್, ವ್ಯಾಂಕೂವರ್. ಎಲ್ಲ ಸೇರಿ ಹತ್ತು ದಿನ. ಆಮೇಲೆ ನಕ್ಷೆ ನೋಡಿದೆ. ಟೊರಾಂಟೊದಿಂದ ವ್ಯಾಂಕೂವರ್‌ಗೆ ರಸ್ತೆಯಲ್ಲಿ ಸುಮಾರು 4,400 ಕಿ.ಮೀ. ವಿಮಾನದಲ್ಲೇ ಐದು ಗಂಟೆ. ಎಪ್ಪತ್ತು ದಾಟಿದವರನ್ನು ಹೀಗೆ ಓಡಿಸಿದರೆ ಅವರಿಗೆ ಏರ್‌ಪೋರ್ಟ್ ಬಿಟ್ಟು ಬೇರೇನೂ ನೆನಪಿರುವುದಿಲ್ಲ, ಅಲ್ವಾ? ನಯಾಗರ ಹತ್ತಿರ, ಅದನ್ನು ಒಂದು ಭಾನುವಾರ ನೋಡಿ ಬಂದೆವು. ಉಳಿದದ್ದರಲ್ಲಿ ಒಂದನ್ನೇ ಇಟ್ಟುಕೊಂಡೆ: ಆಲ್ಬರ್ಟಾದ ರಾಕಿ ಬೆಟ್ಟಗಳು. 2025ರ ಜುಲೈ, ಆರು ದಿನ.

ಕ್ಯಾಲ್ಗರಿಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ಉಳಿದುಕೊಂಡಿದ್ದು ಕ್ಯಾನ್ಮೋರ್‌ನಲ್ಲಿ. ಬ್ಯಾನ್ಫ್‌ಗೆ ಇಪ್ಪತ್ತು ನಿಮಿಷ ಮೊದಲೇ ಸಿಗುವ ಊರು, ರಾಷ್ಟ್ರೀಯ ಉದ್ಯಾನದ ಗಡಿಯ ಹೊರಗಿದೆ. ಅಡುಗೆಮನೆ ಇರುವ ಜಾಗವನ್ನೇ ಹುಡುಕಿದ್ದೆ. ಅಕ್ಕಿ, ಅವಲಕ್ಕಿ, ಮೊಸರು ಎಲ್ಲ ಕ್ಯಾಲ್ಗರಿಯಲ್ಲೇ ಕೊಂಡೆವು. ಬೆಟ್ಟದೊಳಗೆ ಸಸ್ಯಾಹಾರಿಗಳಿಗೆ ದಾರಿಯಲ್ಲಿ ಸಿಗುವುದು ಕಡಿಮೆ. ಅಮ್ಮನ ಚಿತ್ರಾನ್ನದ ಡಬ್ಬಿಯೇ ನಮ್ಮನ್ನು ಕಾಪಾಡಿತು.

ಎರಡನೇ ದಿನ ಒಂದು ತಪ್ಪು ಮಾಡಿದೆ. ಲೇಕ್ ಲೂಯಿಸ್‌ಗೆ ಬೆಳಿಗ್ಗೆ ಹತ್ತಕ್ಕೆ ಕಾರಿನಲ್ಲೇ ಹೋದೆ. ಪಾರ್ಕಿಂಗ್ ಪೂರ್ತಿ ತುಂಬಿತ್ತು, ವಾಪಸ್ ಕಳಿಸಿದರು. ಮೊರೇನ್ ಲೇಕ್‌ಗಂತೂ 2023ರಿಂದ ಖಾಸಗಿ ಕಾರು ಬಿಡುವುದೇ ಇಲ್ಲ ಅಂತ ಗೊತ್ತಿತ್ತು. ಅದಕ್ಕೆ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಬಸ್ಸಿನಲ್ಲಿ ಮೊದಲೇ ಸೀಟು ತೆಗೆದಿಟ್ಟಿದ್ದೆ. ಅದೇ ಟಿಕೆಟ್‌ನಲ್ಲಿ ಎರಡೂ ಸರೋವರ ನೋಡಬಹುದಿತ್ತು! ನಾನು ಸರಿಯಾಗಿ ಓದಿರಲಿಲ್ಲ. ನೀವು ಹೋಗುವುದಾದರೆ ಈ ಬಸ್ ಟಿಕೆಟ್ ಮೊದಲು, ಉಳಿದದ್ದೆಲ್ಲ ಆಮೇಲೆ. ಒಂದಷ್ಟು ಸೀಟು ಏಪ್ರಿಲ್‌ನಲ್ಲೇ ಬಿಡುತ್ತಾರೆ. ಉಳಿದವನ್ನು ಹೋಗುವ ದಿನಕ್ಕೆ ಎರಡು ದಿನ ಮುಂಚೆ ಬೆಳಿಗ್ಗೆ ಎಂಟಕ್ಕೆ ಬಿಡುತ್ತಾರೆ. ಅದು ಅಲ್ಲಿನ ಎಂಟು ಗಂಟೆ, ಟೊರಾಂಟೊದಲ್ಲಿ ಆಗ ಹತ್ತು.

ಮೊರೇನ್ ಲೇಕ್‌ನ ನೀಲಿ ಬಣ್ಣ ನೋಡಿ ಅಮ್ಮ, "ಈ ಕೆರೆಗೆ ಏನಾದ್ರೂ ಬೆರೆಸಿದ್ದಾರಾ?" ಅಂದರು. ಒಂದು ರೀತಿಯಲ್ಲಿ ಹೌದು. ಹಿಮನದಿ ಬಂಡೆಯನ್ನು ಹಿಟ್ಟಿನಂತೆ ಅರೆದು ನೀರಿಗೆ ತರುತ್ತದೆ. ಆ ಸಣ್ಣ ಪುಡಿ ಬೆಳಕನ್ನು ಚದುರಿಸುವುದರಿಂದ ಈ ಬಣ್ಣ.

ನನ್ನ ಮನಸ್ಸು ನಿಂತಿದ್ದು ಮಾತ್ರ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅನ್ನುವ ಬೆಟ್ಟದ ರಸ್ತೆಯಲ್ಲಿ. ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ಗೆ 232 ಕಿ.ಮೀ. ನಿಲ್ಲಿಸದೆ ಹೋದರೆ ಮೂರು ಗಂಟೆ. ನಾವು ಇಡೀ ದಿನ ತೆಗೆದುಕೊಂಡೆವು. ಪೆಟ್ರೋಲ್ ತುಂಬಿಸಿಕೊಂಡೇ ಹೊರಡಿ, ನಡುವೆ ಸಿಗುವುದು ಸಸ್ಕ್ಯಾಚವನ್ ಕ್ರಾಸಿಂಗ್‌ನಲ್ಲಿ ಮಾತ್ರ. ಮೊಬೈಲ್ ಸಿಗ್ನಲ್ ಬಹುಪಾಲು ಇರುವುದಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬೋ ಲೇಕ್ ದಂಡೆಯಲ್ಲಿ ಊಟ. ಪೇಟೊ ಲೇಕ್ ನೋಡಲು ಸ್ವಲ್ಪ ಏರು ಹತ್ತಬೇಕು. ಅಮ್ಮ ಎರಡು ಕಡೆ ಕೂತು ಹತ್ತಿದರು.

ಅಥಾಬಾಸ್ಕಾ ಹಿಮನದಿಯ ಹತ್ತಿರ ಅಪ್ಪ ಮೌನವಾದರು. ದಾರಿಯುದ್ದಕ್ಕೂ ವರ್ಷ ಬರೆದ ಫಲಕಗಳಿವೆ. ಆ ವರ್ಷ ಹಿಮದ ತುದಿ ಅಲ್ಲಿಯವರೆಗೆ ಇತ್ತು ಅಂತ ಅರ್ಥ. ಸುಮಾರು 125 ವರ್ಷದಲ್ಲಿ ಅದು ಒಂದೂವರೆ ಕಿಲೋಮೀಟರಿಗೂ ಜಾಸ್ತಿ ಹಿಂದೆ ಸರಿದಿದೆ. ಒಂದು ಫಲಕ ದಾಟಿ ಇನ್ನೊಂದಕ್ಕೆ ನಡೆಯುತ್ತಾ ಅಪ್ಪ ಕೇಳಿದರು, "ನಾನು ಬದುಕಿರುವಾಗಲೇ ಇಷ್ಟು ಕರಗಿತಾ?" ಅವರನ್ನು ಕರೆದುಕೊಂಡು ಬಂದಿದ್ದು ಸಾರ್ಥಕ ಅನ್ನಿಸಿತು. ಹಗ್ಗ ದಾಟಿ ಹಿಮದ ಮೇಲೆ ಮಾತ್ರ ಕಾಲಿಡಬೇಡಿ, ಕೆಳಗೆ ಆಳದ ಬಿರುಕುಗಳಿವೆ.

ಜ್ಯಾಸ್ಪರ್‌ಗೆ ಸಂಜೆ ತಲುಪಿದೆವು. 2024ರ ಜುಲೈನ ಕಾಳ್ಗಿಚ್ಚಿನಲ್ಲಿ ಊರಿನ ಮೂರನೇ ಒಂದು ಭಾಗದಷ್ಟು ಕಟ್ಟಡ ಸುಟ್ಟುಹೋಗಿದ್ದವು. ಬೆಟ್ಟದ ಇಳಿಜಾರಿನಲ್ಲಿ ಕಪ್ಪು ಮರಗಳು ಇನ್ನೂ ನಿಂತಿದ್ದವು, ಕೆಳಗೆ ಹಸಿರು ಚಿಗುರಿತ್ತು. ಅಂಗಡಿಯ ಹೆಂಗಸು ಬ್ರೆಡ್ ಕಟ್ಟಿಕೊಡುತ್ತಾ, ನೀವು ಬಂದಿದ್ದು ಖುಷಿಯಾಯಿತು ಅಂದರು. ರಾತ್ರಿ ಹತ್ತಾದರೂ ಬೆಳಕಿತ್ತು. ಅಪ್ಪ-ಅಮ್ಮ ಬೀದಿಯ ಬೆಂಚಿನ ಮೇಲೆ ಕೂತಿದ್ದರು. "ನಾಳೆಯೂ ಇಲ್ಲೇ ಇರೋಣ" ಅಂದರು ಅಮ್ಮ. ಹಿಡಿಯಬೇಕಾದ ವ್ಯಾಂಕೂವರ್ ವಿಮಾನ ಇರಲಿಲ್ಲ. ಹಾಗಾಗಿ ಇನ್ನೊಂದು ರಾತ್ರಿಗೆ ರೂಮು ಕೇಳಿಕೊಂಡು ಬಂದೆ.